ಮೂರು ಬಾರಿ ಕೂಗಬೇಕಾದ ಊರು

೨೦೧೩ರಲ್ಲಿ ನನಗೆ ಮೂವತ್ತಾರು ವರ್ಷ. ಮೊನ್ನೆ ಲವಂಗದ ಡಬ್ಬಿ ತೆರೆದಾಗ ಬಂದ ಘಮ ನನ್ನನ್ನು ಆ ವರ್ಷಕ್ಕೇ ಕರೆದೊಯ್ದಿತು. ಹರಿಹರದಲ್ಲಿ ನಮ್ಮ ಪಕ್ಕದ ಮನೆಯ ಮಾವನ ದವಡೆಯಲ್ಲಿ ಸದಾ ಒಂದು ಲವಂಗವಿರುತ್ತಿತ್ತು...

ಮಾವ ದಾವಣಗೆರೆಯ ಖಾಸಗಿ ಬಸ್ ನಿಲ್ದಾಣವೊಂದರಲ್ಲಿ ಬಸ್ಸು ಹೊರಡುವ ಊರುಗಳ ಹೆಸರನ್ನು ಮೈಕಿನಲ್ಲಿ ಕೂಗುತ್ತಿದ್ದರು. ಪ್ರತಿ ಊರಿಗೂ ಮೂರು ಕೂಗು: ಕುಳಿತವರಿಗೊಂದು, ತೂಕಡಿಸುವವರಿಗೊಂದು, ಚಹಾ ಕುಡಿಯುವವರಿಗೊಂದು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರಿಗೆ ಪಿಸುದನಿ ಮಾತ್ರ ಉಳಿಯಿತು. ಶಾಲೆಯ ಕೆಲಸ ಬಿಟ್ಟು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುತ್ತಿದ್ದ ನಾನು, ಹಳೆಯ ಕ್ಯಾಸೆಟ್ಟಿನಲ್ಲಿದ್ದ ಅವರ ದನಿಯನ್ನೇ ಒಂದೊಂದು ಊರಿನ ಕೂಗಾಗಿ ಬಿಡಿಸಿ, ನಿಲ್ದಾಣದ ಕಂಪ್ಯೂಟರಿನಲ್ಲಿ ಊರುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದೆ. ಹೆಸರಿನ ಮೇಲೆ ಒತ್ತಿದರೆ ಆ ದನಿ ಮೊಳಗುತ್ತಿತ್ತು.

ಆದರೆ ಒಮ್ಮೆ ಮಾತ್ರ! ಲೋಕಿಕೆರೆ ಎಂಬ ಊರನ್ನು ಮತ್ತೆ ಒತ್ತಿದರೆ ಮೌನ. ಮೊದಲೇ ಆಯ್ಕೆಯಾಗಿದ್ದ ಹೆಸರು ಬದಲಾಗದ ಕಾರಣ ಕಂಪ್ಯೂಟರು ನನ್ನ ಪ್ರೋಗ್ರಾಮಿಗೆ ಒತ್ತಿದ ಸುದ್ದಿಯನ್ನೇ ಮುಟ್ಟಿಸುತ್ತಿರಲಿಲ್ಲ. ಮಾವ ಬೇರೆ ದಾರಿಯಿಲ್ಲದೆ ಪಟ್ಟಿಯ ಮತ್ತೊಂದು ಊರಾದ ಹದಡಿಯನ್ನು ಒತ್ತಿ, ತಕ್ಷಣ ಲೋಕಿಕೆರೆಗೆ ಮರಳುತ್ತಿದ್ದರು. ನಡುವೆ ಮೊಳಗಿದ "ಹದಡಿ" ಕೇಳಿ, ಅಲ್ಲಿಗೆ ಹೋಗಬೇಕಿದ್ದ ಅಜ್ಜಿಯೊಬ್ಬರು ಲೋಕಿಕೆರೆಯ ಬಸ್ಸು ಹತ್ತಿಬಿಟ್ಟರು.

ನಿಲ್ದಾಣದ ಮ್ಯಾನೇಜರ್ ನನ್ನ ಎದುರಿಗೇ ಮಾವನಿಗೆ ಹೇಳಿದರು: "ಯಜಮಾನ್ರೇ, ಇನ್ನೊಮ್ಮೆ ಹಿಂಗಾದ್ರೆ ಈ ಕುರ್ಚಿಗೆ ಬೇರೆಯವರು ಬರ್ತಾರ್ರಿ."

ನಾನು ಸಮರ್ಥಿಸಿಕೊಂಡೆ. "ಮಾವ, ಆರಿಸಿದ್ದನ್ನೇ ಮತ್ತೆ ಆರಿಸಿದ್ರೆ ಅದು ಹೊಸ ಆಯ್ಕೆ ಅಲ್ಲ."

"ಬಸ್ಸು ಇನ್ನಾ ನಿಂತೈತಲ್ಲ ತಮ್ಮಾ," ಮಾವ ಪಿಸುಗುಟ್ಟಿದರು. "ತಪ್ಪು ಬರೆದ ಹುಡುಗ್ರಿಗೆ ಒಂದೇ ಮಾತು ನೂರು ಸಲ ಬರೆಸಿದ ಮೇಷ್ಟ್ರು ನೀನು. ನಂಗೆ ಮೂರಕ್ಕೆ ಯಾಕ ತಕರಾರು?"

ಮರುದಿನ ಬೆಳಿಗ್ಗೆ, ಇದನ್ನು ಮುಗಿಸದೆ ಏಳಬಾರದೆಂದು ನಿಶ್ಚಯಿಸಿ ಅವರ ಪಕ್ಕದಲ್ಲೇ ಕುಳಿತೆ. ದನಿ ಮುಗಿದೊಡನೆ ಆಯ್ಕೆಯನ್ನು ಅಳಿಸಿಹಾಕುವ ಸಾಲೊಂದನ್ನು ಸೇರಿಸಿದೆ. ಅಳಿಸುವುದೂ ಒಂದು ಬದಲಾವಣೆಯೇ ಎಂಬುದನ್ನು ಮರೆತಿದ್ದೆ. ಪ್ರೋಗ್ರಾಮು ಹೆಸರಿಲ್ಲದ ಊರನ್ನು ಹುಡುಕಹೊರಟು ಕೆಟ್ಟು ನಿಂತಿತು.

"ಬಿಡಬ್ಯಾಡ, ನೋಡು," ಎಂದರು ಮಾವ.

ಬಿಡಲಿಲ್ಲ. ಯಾವ ಹೆಸರೂ ಆಯ್ಕೆಯಾಗಿರದಿದ್ದರೆ ಸುಮ್ಮನಿರಬೇಕೆಂದು ಎರಡನೆಯ ಸಾಲನ್ನು ಬರೆದೆ. ಮಾವ ಒತ್ತಿದರು. ಲೋಕಿಕೆರೆ. ಮತ್ತೆ ಒತ್ತಿದರು. ಲೋಕಿಕೆರೆ. ಮೂರನೆಯ ಕೂಗಿಗೆ ಚಹಾದಂಗಡಿಯಿಂದ ಒಬ್ಬಾತ ಲೋಟವನ್ನು ಅಲ್ಲೇ ಬಿಟ್ಟು ಬಸ್ಸಿನತ್ತ ಓಡಿದ. ಮಾವ ನನ್ನತ್ತ ನೋಡಲೂ ಇಲ್ಲ. ಅವರ ಬೆರಳು ಆಗಲೇ ಮುಂದಿನ ಊರಿನ ಮೇಲಿತ್ತು.

ಆ ಕುರ್ಚಿಯನ್ನು ಅವರಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಸಾಯುವ ಹಿಂದಿನ ವಾರದವರೆಗೂ ಅದರಲ್ಲಿ ಕುಳಿತಿದ್ದರು. ಈಗ ಆ ನಿಲ್ದಾಣದಲ್ಲಿ ಬೇರೆ ಯಾರದೋ ದನಿ. ಮಾವನ ದನಿ ನನ್ನ ಕಂಪ್ಯೂಟರಿನಲ್ಲಿದೆ. ಒತ್ತಿದಷ್ಟು ಸಲವೂ ಕೂಗುತ್ತದೆ. ನಾನೇ ಒತ್ತುವುದಿಲ್ಲ... ಪ್ರೋಗ್ರಾಮಿನ ಆ ಎರಡು ಸಾಲುಗಳ ಮೇಲೆ ಅಂದು ನಾನು ನಮೂದಿಸಿದ್ದು ಯಾರಿಗಾಗಿ ಎಂಬುದನ್ನಲ್ಲ, ದಿನಾಂಕವನ್ನು ಮಾತ್ರ: ೧೪ ಮಾರ್ಚ್ ೨೦೧೩.