ಅಳಿಸುವ ಮುನ್ನ ಹೆಸರು ಓದುವ ನಾಗಜ್ಯೋತಿ

ಬೆಳಕು ಹರಿಯುವ ಹೊತ್ತಿಗೇ ಎಮ್ಮಿಗನೂರಿನ ನೇಕಾರರ ಸಂಘವೊಂದರ ಕಚೇರಿಯಲ್ಲಿ ನಾಗಜ್ಯೋತಿ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಒಲೆಯ ಮೇಲಿನ ಅನ್ನ ಇಳಿಸುವುದನ್ನು ಅತ್ತೆಗೆ ಒಪ್ಪಿಸಿ ಬಂದಿದ್ದಾರೆ. ನೂಲು ಹಂಚುವ ಕೌಂಟರ್ ತೆರೆದರೆ ಈ ಕೆಲಸಕ್ಕೆ ಕೈ ಹಾಕುವಂತಿಲ್ಲ.

ಕೆಲಸ, ಅಳಿಸುವುದು. ಕಂಪ್ಯೂಟರಿನಲ್ಲಿ ಸದಸ್ಯರದೊಂದು ಕೋಷ್ಟಕ, ಯಾರು ಯಾವಾಗ ನೂಲು ಒಯ್ದರೆಂಬ ಇನ್ನೊಂದು ಕೋಷ್ಟಕ. ಎರಡನ್ನೂ ಕೂಡಿಸುವುದು ಸದಸ್ಯರ ನಂಬರು. ವರ್ಷವಿಡೀ ನೂಲು ಒಯ್ಯದವರನ್ನು ಮೊದಲನೆಯದರಿಂದ ತೆಗೆಯಬೇಕು. ಹೆಸರು ಹೋದವರಿಗೆ ನೂಲಿಲ್ಲ, ಮಗ್ಗಕ್ಕೆ ಕೆಲಸವಿಲ್ಲ. ಒಂದೇ ಆದೇಶ ಸಾಕು, ಎಲ್ಲ ಅಳಿಯುತ್ತದೆ. ನಾಗಜ್ಯೋತಿ ಮಾತ್ರ ‘ಅಳಿಸು’ ಅನ್ನುವ ಮೊದಲು ‘ತೋರಿಸು’ ಅನ್ನುತ್ತಾರೆ.

“ಯಾರ್ ಯಾರು ಹೋಗ್ತಾರಂತ ಓದಬೇಕ್ರಿ. ಹೋದ ಮ್ಯಾಲೆ ಕರದ್ರ ಬರೂದಿಲ್ಲ.”

ತೀರಿಕೊಂಡವರು, ಮಗ್ಗ ಬಿಟ್ಟು ಆದೋನಿಯ ಹತ್ತಿ ಮಿಲ್ಲು ಸೇರಿದವರು ತೆರೆಯ ಮೇಲೆ ಬರುತ್ತಾರೆ. ಅವರ ನಡುವೆ ಅಕ್ಕನಾಗಮ್ಮ. ನಾಗಜ್ಯೋತಿಯ ಕೈ ನಿಲ್ಲುತ್ತದೆ. ಆಕೆ ನೇಯುವುದು ಬಿಟ್ಟ ಸುದ್ದಿಯೇ ಇಲ್ಲ. ಅವಳ ಪಕ್ಕದ ಮನೆಯ ಬಸಲಿಂಗಮ್ಮನ ನಂಬರು ತೆಗೆದು ನೋಡಿದರೆ, ಇರುವ ಒಂದು ಮಗ್ಗಕ್ಕೆ ಎರಡು ಮಗ್ಗದ ನೂಲು ಹೋಗಿದೆ. ಚಿಕ್ಕಂದಿನಲ್ಲಿ ಅವ್ವನ ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿದ ನಾಗಜ್ಯೋತಿಗೆ ಒಂದು ಮಗ್ಗ ಎಷ್ಟು ನೂಲು ತಿನ್ನುತ್ತದೆಂದು ಯಾರೂ ಹೇಳಬೇಕಿಲ್ಲ. ಬಸಲಿಂಗಮ್ಮನಿಗೇ ಫೋನು ಹಚ್ಚಿ ಕೇಳುತ್ತಾರೆ.

“ಆಕಿ ಬಸುರಿ ಇದ್ಲು, ಆಮ್ಯಾಲೆ ಬಾಣಂತಿ. ನೂಲಿನ ಮೂಟಿ ಹೊತ್ತು ಬಸ್ ಹತ್ತು ಅನ್ಲೇನವ್ವ?” ಅನ್ನುತ್ತಾರೆ ಬಸಲಿಂಗಮ್ಮ. “ನನ್ನ ನಂಬರಿನ ಮ್ಯಾಲೆ ಒಯ್ದು ಕೊಟ್ಟೀನಿ. ಸೀರಿ ಆಕಿನ ನೇಯ್ದಾಳ.”

“ಇದನ್ನ ಬಂದು ಸಾರ್ ಮುಂದ ಹೇಳವ್ವ, ಮೊದಲ್ನೇ ಬಸ್ಸಿಗೆ ಬಾ.”

ಅಷ್ಟರಲ್ಲಿ ಕಾರ್ಯದರ್ಶಿ ಉದಯಕುಮಾರ್ ಬರುತ್ತಾರೆ. “ಏನಮ್ಮಾ, ಒಂದು ಬಟನ್ ಒತ್ತಾಕ ಮುಹೂರ್ತ ನೋಡಾಕತ್ತೀಯೇನು?”

ನಾಗಜ್ಯೋತಿ ವಿಷಯ ತಿಳಿಸುತ್ತಾರೆ. ಒಬ್ಬರಿಗಾಗಿ ನಿಯಮ ಮುರಿಯುವುದಿಲ್ಲ ಎಂಬುದು ಉದಯಕುಮಾರ್ ಅವರ ಮಾತು.

“ಮುರೀಬ್ಯಾಡ್ರಿ ಸಾರ್. ನೂಲಿನ ಲೆಕ್ಕ ಸರಿ ಮಾಡೂನು, ನಿಯಮ ತಾನ ಆಕಿನ್ನ ಬಿಡ್ತೈತಿ.”

ಬಸಲಿಂಗಮ್ಮ ಬಂದು ಹೇಳಿದ್ದನ್ನೆಲ್ಲ ಕೇಳಿ ಉದಯಕುಮಾರ್ ಒಪ್ಪುತ್ತಾರೆ. “ಸರೇಲೇಮ್ಮಾ, ಮಾಡು.”

ಬಸಲಿಂಗಮ್ಮನ ಲೆಕ್ಕದ ಅರ್ಧ ನೂಲು ಅಕ್ಕನಾಗಮ್ಮನ ನಂಬರಿಗೆ ಸೇರುತ್ತದೆ. ನಾಗಜ್ಯೋತಿ ಮತ್ತೊಮ್ಮೆ ‘ತೋರಿಸು’ ಅನ್ನುತ್ತಾರೆ. ಈ ಸಲ ಆ ಹೆಸರಿಲ್ಲ. ಉಳಿದವನ್ನು ಇನ್ನೊಮ್ಮೆ ಮೆಲ್ಲಗೆ ಓದಿ, ಅಳಿಸುತ್ತಾರೆ.

ಅಕ್ಕನಾಗಮ್ಮನಿಗೆ ಇದು ಗೊತ್ತೇ ಎಂದು ಕೇಳಿದರೆ ನಾಗಜ್ಯೋತಿ ಇಲ್ಲವೆಂದು ತಲೆಯಾಡಿಸುತ್ತಾರೆ.

“ಹೇಳಿಲ್ರಿ. ಎಳೀ ಕೂಸಿನ ತಾಯಿ, ಸುಮ್ನ ಎದಿ ಒಡ್ಕೋತಾಳ. ಕೂಸು ಎತ್ಕೊಂಡು ಬಂದ ದಿನ ಆಕಿಗೆ ನೂಲು ಸಿಕ್ರ ಸಾಕು.”