ಜೋಳದ ರೊಟ್ಟಿಯಲ್ಲಿ ಯಾರದೋ ರಾಗಿ

ಇವತ್ತು ಬೆಳಿಗ್ಗೆ ತಟ್ಟೆಗೆ ಬಂದ ಜೋಳದ ರೊಟ್ಟಿ ಒಂದಿಷ್ಟು ಕಂದುಬಣ್ಣಕ್ಕೆ ತಿರುಗಿತ್ತು. ಸೀದಿರಬೇಕೆಂದು ಮಗುಚಿ ನೋಡಿದೆ, ಹಾಗೇನೂ ಇರಲಿಲ್ಲ. “ಗಿರಣೀಲಿ ನಮ್ಗಿಂತ ಮುಂಚೆ ಯಾರೋ ರಾಗಿ ಹಾಕ್ಸಿದಾರೆ, ಸುಮ್ನೆ ತಿನ್ರಿ” ಎಂದಳು ಹೆಂಡತಿ. ಹಿಟ್ಟು ಹಾಕಿಸಿಕೊಂಡು ಬರುವವರೆಲ್ಲ ಬಲ್ಲ ಸಂಗತಿಯಿದು: ಗಿರಣಿಯ ಕಲ್ಲುಗಳ ಸಂದಿಯಲ್ಲಿ ಹಿಂದಿನವರ ಹಿಟ್ಟು ಹಿಡಿಯಷ್ಟು ಉಳಿದಿರುತ್ತದೆ, ಅದು ನಮ್ಮ ಡಬ್ಬಿಗೆ ಬೀಳುತ್ತದೆ, ನಮ್ಮದೊಂದು ಹಿಡಿ ಮುಂದಿನವರ ಪಾಲಾಗುತ್ತದೆ. ಈ ವಿನಿಮಯಕ್ಕೆ ರಸೀದಿಯಿಲ್ಲ; ತಕರಾರು ಮಾತ್ರ ಧಾರಾಳ.

ಚಳ್ಳಕೆರೆಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುವ ನನ್ನನ್ನು ಹೋದ ವಾರ ಊರಿನ ಸಣ್ಣ ವ್ಯಾಪಾರಸ್ಥರು ಭಾಷಣಕ್ಕೆ ಕರೆದಿದ್ದರು. ಅಂಗಡಿ ಹಠಾತ್ತನೆ ನಿಂತುಹೋಗುವ ಪ್ರಸಂಗ ಬಂದರೆ ಏನು ಮಾಡಬೇಕು ಎಂಬುದು ವಿಷಯ. ಎಣ್ಣೆ ಮಿಲ್ಲಿನವರು, ಝೆರಾಕ್ಸ್ ಅಂಗಡಿಯವರು, ಮೊಬೈಲ್ ರಿಪೇರಿಯವರು ಎದುರಿಗೆ ಕುಳಿತಿದ್ದರು. ವ್ಯವಹಾರದ ನಿರಂತರತೆ, ಆಪತ್ಕಾಲೀನ ಸಿದ್ಧತೆ, ಪರ್ಯಾಯ ವ್ಯವಸ್ಥೆ ಎಂದೆಲ್ಲ ಶುರುಮಾಡಿದೆ. ಇಂಥ ಪದಗಳ ಗುಣವೆಂದರೆ, ಉಚ್ಚರಿಸಿದ ಮಾತ್ರಕ್ಕೇ ತಾನು ಸರ್ವಸನ್ನದ್ಧನೆಂದು ಹೇಳುವವನಿಗೆ ಅನ್ನಿಸಿಬಿಡುತ್ತದೆ. ಅರ್ಧದಲ್ಲಿ ಕರೆಂಟು ಹೋಯಿತು, ಮೈಕು ಬಾಯಿ ಮುಚ್ಚಿತು. ನಿರಂತರತೆಯನ್ನು ಕುರಿತ ನನ್ನ ಭಾಷಣ ಅಲ್ಲಿಗೇ ನಿಂತಿತು. ಮುಂದೆ ಹೇಳಬೇಕೆಂದಿದ್ದದ್ದು ಏನೆಂದು ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಇವತ್ತು ರೊಟ್ಟಿಯ ಬಣ್ಣ ನೋಡಿದಾಗ ನೆನಪಾದದ್ದು ಭಾಷಣವಲ್ಲ, ಚಿಕ್ಕವ್ವ.

ನಮ್ಮ ಚಿಕ್ಕವ್ವ ತಿಪ್ಪಮ್ಮ, ಚಿಕ್ಕಪ್ಪ ತೀರಿಕೊಂಡ ಮೇಲೆ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದಲ್ಲಿ ಹಿಟ್ಟಿನ ಗಿರಣಿಯನ್ನು ತಾನೇ ನಡೆಸುತ್ತಿದ್ದಳು. ಊರಿನ ಇನ್ನೊಂದು ಗಿರಣಿ ಬಸ್‌ಸ್ಟ್ಯಾಂಡಿನ ಪಕ್ಕದ ಬಸಣ್ಣನದು. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ವೋಲ್ಟೇಜು ಮನಬಂದಂತೆ ಕುಣಿದು ಚಿಕ್ಕವ್ವನ ಮೋಟರ್ ಸುಟ್ಟುಹೋಯಿತು. ವೈಂಡಿಂಗ್ ಮಾಡಿಸಲು ಅದನ್ನು ಬಸ್ಸಿಗೆ ಹಾಕಿ ಚಳ್ಳಕೆರೆಗೆ ಕಳಿಸಿದ್ದಾಯಿತು. ವಾರವಾದರೂ ಆದೀತು ಎಂಬ ಉತ್ತರ ಬಂತು. ಹಿಟ್ಟಿಲ್ಲದ ಮನೆ ಒಂದು ವಾರ ಕಾಯುವುದಿಲ್ಲ; ಒಮ್ಮೆ ಬಸಣ್ಣನ ಕಡೆ ತಿರುಗಿದ ಕಾಲು ವಾಪಸು ಬರುತ್ತದೆಂಬ ಖಾತರಿಯೂ ಇಲ್ಲ. ಆ ಗಿರಣಿ ಬಿಟ್ಟರೆ ಚಿಕ್ಕವ್ವನಿಗೆ ಬೇರೆ ದಿಕ್ಕಿರಲಿಲ್ಲ.

ಆಗಷ್ಟೇ ಎಂ.ಕಾಂ. ಮುಗಿಸಿ ಅವಳ ಮನೆಗೆ ಬಂದಿದ್ದ ನಾನು, ‘ಗಿರಣಿ ರಿಪೇರಿಯಲ್ಲಿದೆ, ಗ್ರಾಹಕರು ಸಹಕರಿಸಬೇಕು’ ಎಂದು ಬೋರ್ಡು ಬರೆದು ತೂಗುಹಾಕಲು ಸಲಹೆ ಕೊಟ್ಟೆ.

“ಬೋರ್ಡ್ ಹಾಕಿದ್ರೆ ಏನಾಗ್ತೈತೆ ಗೊತ್ತೇನೋ? ಬಸಣ್ಣನ ಗಿರಣಿಗೆ ನಾನೇ ದಾರಿ ತೋರ್ಸಿದಂಗಾಗ್ತೈತೆ” ಎಂದ ಚಿಕ್ಕವ್ವ ಎಂದಿನಂತೆ ಬಾಗಿಲು ತೆಗೆದಳು. ಬಂದ ಡಬ್ಬಿಗಳನ್ನು ಎಂದಿನಂತೆ ಸಾಲಾಗಿ ಇಡಿಸಿಕೊಂಡಳು. “ಕರೆಂಟಿನ ಗೋಳು, ಸಂಜಿಗೆ ಬಾರವ್ವ, ಹಾಕಿಟ್ಟಿರ್ತೀನಿ” ಎಂದು ಎಲ್ಲರಿಗೂ ಒಂದೇ ಮಾತು. ಮಧ್ಯಾಹ್ನ ಬೀದಿ ನಿರ್ಜನವಾದ ಮೇಲೆ ಡಬ್ಬಿಗಳನ್ನು ನನ್ನ ಸೈಕಲ್ಲಿಗೆ ಕಟ್ಟಿಸಿ, ಹಿತ್ತಲ ದಾರಿಯಿಂದ ನೇರ ಬಸಣ್ಣನಲ್ಲಿಗೇ ಹೊರಟಳು.

ಮುಂದಿನ ಮಾತುಗಳನ್ನು ನಾನು ಕಿವಿಯಾರೆ ಕೇಳಿದೆನೋ, ಚಿಕ್ಕವ್ವ ವರ್ಷಗಟ್ಟಲೆ ಹೇಳಿ ಹೇಳಿ ಅವು ನನ್ನ ನೆನಪುಗಳಾದವೋ, ಪ್ರಮಾಣ ಮಾಡಿ ಹೇಳಲಾರೆ. ಆ ದಿನಗಳ ನನ್ನ ದಿನಚರಿಯಲ್ಲಿ ಸೆಖೆ, ಸೊಳ್ಳೆ ಮತ್ತು ನನ್ನ ಭವಿಷ್ಯದ ಚಿಂತೆ ಇವೆ. ಡಬ್ಬಿಗಳ ಸುದ್ದಿಯೇ ಇಲ್ಲ. ಸೈಕಲ್ ತಳ್ಳಿ ನೊಂದ ಅಂಗೈ ಮಾತ್ರ ನನ್ನದೇ ಎಂದು ನಂಬಿದ್ದೇನೆ.

“ಬಸಣ್ಣ, ಮಧ್ಯಾಹ್ನ ನಿಮ್ ಗಿರಣಿ ಖಾಲಿ ಇರ್ತೈತಲ್ಲ?”

“ಯಾರಂದ್ರು ನಿಂಗೆ?”

“ಯಾರಾದ್ರೂ ಅನ್ಬೇಕೇನ್ರಿ? ಸದ್ದೇ ಇರಲ್ಲ.”

“ನಮ್ ಸದ್ದು ಕೇಳ್ತಾ ಕೂತಿರ್ತೀಯೇನವ್ವ?”

“ನೀವು ನಮ್ದು ಕೇಳಲ್ವಾ?”

ಬಸಣ್ಣ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ. “ಮೊನ್ನೆಯಿಂದ ಕೇಳ್ತಿಲ್ಲ. ಮಧ್ಯಾಹ್ನ ನಿದ್ದೇನೇ ಹತ್ತವಲ್ದು. ತಾರವ್ವ ಇತ್ಲಾಗೆ, ಕೂಲಿ ಅರ್ಧರ್ಧ. ನಾಳೆ ನಂದೂ ಸುಡ್ತೈತೆ, ಆವಾಗ ಮುಖ ತಿರುವಬ್ಯಾಡ ಮತ್ತೆ.”

ಹೀಗೆ ಗುಟ್ಟಿನ ಗಿರಣಿ ದಿನಾ ಮಧ್ಯಾಹ್ನ ನಡೆಯಿತು. ಮೊದಲು ತನ್ನ ಮನೆಯ ಜೋಳ ಒಂದಿಷ್ಟು ಸುರಿದು, ಕಲ್ಲಿನಲ್ಲಿ ಉಳಿದದ್ದನ್ನು ಹೊರಹಾಕಿಸಿದ ಮೇಲೆಯೇ ಚಿಕ್ಕವ್ವ ಡಬ್ಬಿಗಳ ಬಾಯಿ ತೆಗೆಯುತ್ತಿದ್ದಳು. ಆದರೆ ಕಲ್ಲಿನ ಸಂದಿಗೆ ಅವಳ ಎಚ್ಚರಿಕೆಯೆಲ್ಲ ನಾಟುತ್ತಿರಲಿಲ್ಲ. ಒಂದು ಬೆಳಿಗ್ಗೆ ಪಕ್ಕದ ಓಣಿಯ ಓಬಕ್ಕ, ಅರ್ಧ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು. ಅವಳ ಕಿವಿಗೆ ಬಿದ್ದದ್ದು ಓಣಿಗೆಲ್ಲ ಗೊತ್ತಾಗುತ್ತಿತ್ತು.

“ಏನೇ ತಿಪ್ಪಕ್ಕ, ಇದು ಬಸಣ್ಣನ ಗಿರಣಿ ಹಿಟ್ಟು. ನಿನ್ ಗಿರಣೀಲಿ ರಾಗಿ ಹಾಕೋ ಕಲ್ಲೇ ಬ್ಯಾರೆ, ಅಲ್ಲಿ ಎಲ್ಲಾನೂ ಒಂದೇ ಕಲ್ಲಾಗೆ. ನನ್ ರೊಟ್ಟಿ ನೋಡು, ಇಟ್ಟಿಗೆ ಬಣ್ಣ ಆಗೈತೆ!”

ಚಿಕ್ಕವ್ವ ಮರೆಮಾಚಲಿಲ್ಲ. ಮೋಟರ್ ಸುಟ್ಟದ್ದು, ಹಿತ್ತಲ ದಾರಿ, ಸೈಕಲ್ಲು, ಎಲ್ಲವನ್ನೂ ಒಪ್ಪಿಸಿದಳು.

“ಅಷ್ಟು ದೂರ ನನ್ ಡಬ್ಬೀನ ನೀನು ಹೊರಿಸ್ಕೊಂಡು ಹೋಗಿದ್ಯಾ? ಹೇಳಿದ್ರೆ ನಾನೇ ಅಲ್ಲಿಗೆ ಹೋಗ್ತಿದ್ನಲ್ಲೇ!”

“ಅದಕ್ಕೇ ಹೇಳ್ಲಿಲ್ಲ.”

ಓಬಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮನೆಗೆ ಹೋದವಳು ಗೋಧಿಯ ಡಬ್ಬಿ ತಂದು, ಸಾಲಿನ ಕೊನೆಯಲ್ಲಿ ಇಟ್ಟಳು. “ಇದ್ರಾಗೆ ರಾಗಿ ಬಿದ್ರೆ ನೋಡು ಮತ್ತೆ” ಎಂದು ಬೆರಳಾಡಿಸಿ ಹೋದಳು.

ಮೋಟರ್ ವಾಪಸು ಬಂತು. ಸಾಲಿನಲ್ಲಿ ಕೆಲವು ಡಬ್ಬಿಗಳು ಕಡಿಮೆಯಾದದ್ದೂ ನಿಜ. ಸಾಲು ಮಾತ್ರ ಉಳಿಯಿತು. ಮುಂದೊಂದು ಮಳೆಗಾಲದಲ್ಲಿ ಬಸಣ್ಣನ ಗಿರಣಿ ಕೆಟ್ಟಾಗ ಅವನ ಡಬ್ಬಿಗಳು, ಹಿತ್ತಲ ದಾರಿ ಬಿಟ್ಟು, ಹಗಲು ಹೊತ್ತಿನಲ್ಲಿ ಗಾಡಿಯೇರಿಯೇ ಬಂದವು. ಭಾಷಣದಲ್ಲಿ ನಾನು ಮುಂದೆ ಹೇಳಬೇಕೆಂದಿದ್ದದ್ದು ಇದಲ್ಲ; ಹೇಳಬಹುದಾಗಿದ್ದದ್ದು ಬಹುಶಃ ಇದು.

“ನಾಳೆಯಿಂದ ಬ್ಯಾರೆ ಗಿರಣಿಗೆ ಹಾಕ್ಸಣೇನ್ರಿ?” ಎಂದು ಹೆಂಡತಿ ಕೇಳಿದಳು. ಬೇಡವೆಂದೆ. ಉಳಿದ ತುಂಡನ್ನು ಕೈಗೆತ್ತಿಕೊಂಡೆ. ಯಾರದೋ ರಾಗಿ ಇಲ್ಲಿ ನನ್ನ ರೊಟ್ಟಿಯಲ್ಲಿದೆ. ನಮ್ಮ ಜೋಳ ಈ ಹೊತ್ತಿಗೆ ಯಾರ ಮುದ್ದೆಯಲ್ಲಿ ಬೆಳ್ಳಗೆ ಕಾಣಿಸಿಕೊಂಡು, ಯಾರ ಮನೆಯಲ್ಲಿ ಬೈಸಿಕೊಳ್ಳುತ್ತಿದೆಯೋ.