ಕಾಲು ಮುಂದಾಗಿ ಹುಟ್ಟಿದವನ ಒದೆ

ಸೊಂಟ ಉಳುಕಿದವರನ್ನು ಕಾಲು ಮುಂದಾಗಿ ಹುಟ್ಟಿದವರು ಮೂರು ಸಲ ಒದ್ದರೆ ನೋವು ಹೋಗುತ್ತದೆಂದು ನಮ್ಮ ಕಡೆ ನಂಬುತ್ತಾರೆ. ನಾನು ಕಾಲು ಮುಂದಾಗಿ ಹುಟ್ಟಿದವನು. ಹಾನಗಲ್ಲಿನ ಕಚೇರಿಯಲ್ಲಿ ಕಾರಕೂನನಾಗಿ ನನ್ನ ತಲೆಗೆ ಸಿಗದ ಮರ್ಯಾದೆ ನನ್ನ ಬಲಗಾಲಿಗೆ ಸಿಕ್ಕಿತ್ತು. ರವಿವಾರ ಬೆಳಿಗ್ಗೆ ನಮ್ಮ ಊರ ಮನೆಯ ಅಂಗಳದಲ್ಲಿ ಜನ ಬೆನ್ನು ಬಗ್ಗಿಸಿ ನಿಂತಿರುತ್ತಿದ್ದರು. ಶಿಗ್ಗಾವಿಯಿಂದ ಚಕ್ಕಡಿ ಕಟ್ಟಿಕೊಂಡು ಬರುವವರಿದ್ದರು. ಯಲವಿಗಿಯಲ್ಲಿ ರೈಲು ಇಳಿದು, ಅಲ್ಲಿಂದ ಚಕ್ಕಡಿಯಲ್ಲಿ ಕುಲುಕಾಡಿಕೊಂಡು ಬಂದ ವ್ಯಾಪಾರಿಯೊಬ್ಬನಿದ್ದ. ಅಷ್ಟು ಕುಲುಕಾಡಿಯೂ ಉಳಿದ ಸೊಂಟಕ್ಕೆ ನನ್ನ ಒದೆ ಯಾಕೆ ಬೇಕಿತ್ತೋ.

ನಾನೋ ಹುಟ್ಟಾ ಅಂಜುಬುರುಕ. ಶನಿವಾರದಿಂದಲೇ ಚಿಂತೆ ಹತ್ತುತ್ತಿತ್ತು. ಜೋರಾಗಿ ಒದ್ದು ಯಾರದಾದರೂ ಬೆನ್ನುಮೂಳೆ ಮುರಿದರೆ? ಮೆಲ್ಲಗೆ ಒದ್ದು ಗುಣವಾಗದಿದ್ದರೆ? ಹೀಗಾಗಿ ನನ್ನ ಒದೆ ಬೆಕ್ಕು ಮೈ ಸವರಿದಂತೆ ಇರುತ್ತಿತ್ತು. ಆದರೂ ಜನ ಎದ್ದು, "ಹಗುರಾತ್ರಿ" ಎಂದು ಹೋಗುತ್ತಿದ್ದರು.

ಇದನ್ನು ನಗೆಯ ಮಾತಾಗಿ ಹೇಳಿ ಮುಗಿಸಬಹುದು. ಆದರೆ ಇದೇ ಕಾಲಿನಿಂದ ನಾನು ನನ್ನ ಹೆಂಡತಿಯನ್ನು ನಾಲ್ಕು ರವಿವಾರ ಒದ್ದಿದ್ದೇನೆ.

ಯುದ್ಧದ ವರ್ಷಗಳವು. ಮನೆಯ ಯಜಮಾನಿಕೆ ದೊಡ್ಡಪ್ಪನದು. ಹಿರಿಯರ ಎದುರಿಗೆ ಸೊಸೆಯಂದಿರು ಚಪ್ಪಲಿ ಮೆಟ್ಟಬಾರದೆಂಬುದು ಅವನ ಕಟ್ಟಪ್ಪಣೆ. ಅವನು ಬೆಳಗಿನಿಂದ ಸಂಜೆಯವರೆಗೆ ಬಾಗಿಲ ಕಟ್ಟೆಯ ಮೇಲೆಯೇ ಕುಳಿತಿರುವವನು. ಎಂದಮೇಲೆ ಸೊಸೆಯಂದಿರು ಚಪ್ಪಲಿಯನ್ನೇ ಮೆಟ್ಟಬಾರದು. ಅವನಿಗೆ ಮಾತ್ರ ಎರಡು ಜೋಡು, ಹೊಲಕ್ಕೊಂದು, ಸಂತೆಗೊಂದು. ಬರಿಗಾಲಲ್ಲಿ ಕೆರೆಯ ನೀರು ತರುತ್ತಿದ್ದ ನನ್ನ ಹೆಂಡತಿಗೆ ಒಂದು ದಿನ ಹಿಮ್ಮಡಿಗೆ ಜಾಲಿಮುಳ್ಳು ನೆಟ್ಟಿತು. ಪಿನ್ನಿನಿಂದ ತಾನೇ ಕೆದರಿ ತೆಗೆದಳು, ಕೊಡ ಹೊತ್ತಳು, ಮರೆತಳು. ನಾವು ಮರೆಯುವ ಪ್ರಶ್ನೆಯೇ ಇರಲಿಲ್ಲ. ನಮಗೆ ಅದು ಗೊತ್ತೇ ಆಗಿರಲಿಲ್ಲ.

ಕೆಲವು ತಿಂಗಳಿಗೆ ಅವಳ ಮೊಣಕಾಲು ಹಿಡಿಯಿತು. ಎಕ್ಕೆಯ ಎಲೆ ಕಾಯಿಸಿ ಕಟ್ಟಿದೆವು. ಆಮೇಲೆ ಸೊಂಟ. ಉಪ್ಪಿನ ಗಂಟು ಬಿಸಿ ಮಾಡಿ ಕಾವು ಕೊಟ್ಟೆವು. ಆಮೇಲೆ ಕುತ್ತಿಗೆ, ತಲೆನೋವು. ನೋವು ಮೇಲೇರಿದ ಹಾಗೆಲ್ಲ ನಮ್ಮ ಔಷಧವೂ ಅದರ ಬೆನ್ನುಹತ್ತಿ ಮೇಲೇರಿತು. ಕೆಳಗೆ ಮಾತ್ರ ಯಾರೂ ನೋಡಲಿಲ್ಲ. ಅವಳು ಒಂದು ಮಗ್ಗುಲಿಗೆ ವಾಲಿ ನಡೆಯತೊಡಗಿದಳು. ಕೊಡ ಎತ್ತುವುದು ನಿಂತ ದಿನ ದೊಡ್ಡಪ್ಪ ನನ್ನನ್ನು ಕರೆದ.

"ತಮ್ಮಾ, ಊರ ಮಂದಿಗೆಲ್ಲಾ ಒದಿತಿ. ನಿನ್ನ ಹೇಣ್ತಿ ಡೊಂಕಾಗಿ ಅಡ್ಡಾಡಾಕತ್ತಾಳ. ಒದಿ. ನಾಕು ಐತವಾರದಾಗ ನೆಟ್ಟಗಾಗಲಿಲ್ಲಂದ್ರ ತವರಿಗೆ ಕಳಸೂಣು. ಕೆಲಸಕ್ಕ ಬಾರದಾಕಿನ್ನ ಇಟ್ಕೊಂಡು ಏನ್ಮಾಡೂದೈತಿ?"

ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಕಾಲಿತ್ತು. ಅವಳು ಕಂಬ ಹಿಡಿದು ಬಗ್ಗುತ್ತಿದ್ದಳು, ನಾನು ಒದೆಯುತ್ತಿದ್ದೆ. ನಾಲ್ಕನೆಯ ರವಿವಾರ, ತಿರುಗಿ ನೋಡದೆಯೇ ಅವಳು ಅಂದಳು:

"ರೀ, ಒಂದೀಟು ಜೋರಾಗಿ ಒದೀರಿ. ಹಿರೇಕೆರೂರಿಗೆ ಹೊಳ್ಳಿ ಹೋಗೂದಕಿಂತ ಇದ ಛಲೋ."

ಹಿರೇಕೆರೂರು ಅವಳ ತವರು. ಅವಳನ್ನು ಕಳಿಸಲು ಸೋಮವಾರಕ್ಕೆ ಚಕ್ಕಡಿ ಹೇಳಿಯಾಗಿತ್ತು.

ಅದೇ ಹೊತ್ತಿಗೆ ನಮ್ಮೂರ ಚಪ್ಪಲಿ ಹೊಲಿಯುವವನು ದೊಡ್ಡಪ್ಪನ ಹೊಸ ಜೋಡು ತಂದ. ಅವನಿಗೂ ಬೆನ್ನು ನೋವು, ಅವನಿಗೂ ಒದೆ ಬೇಕಿತ್ತು. "ಅಂವಗ ಕಾಲು ಹಚ್ಚಿದ್ರ ನೀ ಮತ್ತ ಜಳಕಾ ಮಾಡಬೇಕಾಕ್ಕೈತಿ. ಬ್ಯಾಡ" ಎಂದ ದೊಡ್ಡಪ್ಪ. ಅವನು ಹೊಲಿದ ಚಪ್ಪಲಿ ನಮ್ಮ ಕಾಲಿಗೆ ನಡೆಯುತ್ತದೆ, ಅವನ ಬೆನ್ನು ನಡೆಯುವುದಿಲ್ಲ. ಇಂಥದ್ದಕ್ಕೆ ಉತ್ತರ ನನಗೆ ಯಾವಾಗಲೂ ನಾಲ್ಕು ದಿನ ತಡವಾಗಿ ಹೊಳೆಯುತ್ತದೆ. ಅಂಗಳದ ಅಂಚಿನಲ್ಲೇ ನಿಂತ ಅವನು ಆಗತಾನೇ ಸಾರಿಸಿದ ನೆಲವನ್ನು ನೋಡುತ್ತಿದ್ದ.

"ಧಣ್ಯಾರ, ಈ ಹೆಜ್ಜಿ ಯಾರವ್ರಿ?"

ಅವು ಆಗಷ್ಟೇ ಅಂಗಳ ದಾಟಿ ಒಳಗೆ ಹೋದ ನನ್ನ ಹೆಂಡತಿಯವು. ಹಸಿ ಸಗಣಿಯ ಮೇಲೆ ಎಡಗಾಲು ಪೂರ್ತಿ ಮೂಡಿತ್ತು. ಬಲಗಾಲಿನದು ಬೆರಳು ಮತ್ತು ಮುಂಗಾಲು ಮಾತ್ರ.

"ಹಿಮ್ಮಡ ನೆಲಕ್ಕ ಊರೇ ಇಲ್ರಿ. ಸ್ವಂಟಾ ಆಮ್ಯಾಲ ನೋಡ್ರಿ, ಮೊದಲ ಕಾಲು ನೋಡ್ರಿ. ಕಾಲು ಸೊಟ್ಟ ಊರೂ ಮಂದಿ ಚಪ್ಪಲಿ ಒಂದ ಮಗ್ಗಲಕ್ಕ ಸವೀತಾವು. ಆ ಮಂದೀನ ನಿಮ್ಮ ಅಂಗಳಕ್ಕ ಒದಿಸ್ಕೊಳ್ಳಾಕ ಬರೂದು."

"ಮನಿ ಹೆಣ್ಮಕ್ಕಳ ಹೆಜ್ಜಿ ಎಣಸಾಕ ಬಂದಿಯೇನಲೇ?" ದೊಡ್ಡಪ್ಪ ಗದರಿದ.

ನಾನು ಒಳಗೆ ಹೋಗಿ ಅವಳ ಬಲಗಾಲು ಹಿಡಿದೆ. ಅವಳು ಕಾಲು ಎಳೆದುಕೊಂಡಳು. "ಗಂಡ ಕಾಲು ಮುಟ್ಟಿದ್ರ ನನಗ ಪಾಪ ಬರ್ತೈತ್ರಿ." ನಾನು ಒದ್ದಾಗ ಯಾರಿಗೂ ಬಾರದ ಪಾಪ ಹಿಡಿದರೆ ಅವಳಿಗೆ ಬರುವುದಂತೆ. ಬಿಡದೆ ನೋಡಿದೆ. ಹಿಮ್ಮಡಿಯಲ್ಲಿ ಕಲ್ಲಿನಂಥ ಆಣಿ, ನಡುವೆ ಒಂದು ಕಪ್ಪು ಚುಕ್ಕೆ.

ತವರಿಗೆಂದು ಹೇಳಿದ ಚಕ್ಕಡಿಯನ್ನು ಸೋಮವಾರ ಹಾನಗಲ್ಲಿನ ದವಾಖಾನೆಗೆ ಹೊಡೆಸಿದೆ. ಡಾಕ್ಟರು ಆಣಿ ಕೊಯ್ದು, ಜೋಳದ ನುಚ್ಚಿನಷ್ಟು ಮುಳ್ಳಿನ ತುದಿಯನ್ನು ತಟ್ಟೆಗೆ ಹಾಕಿದರು. ಎಷ್ಟು ದಿನವಾಯಿತೆಂದು ಕೇಳಿದರು. ಒಂದೂವರೆ ವರ್ಷ ಎಂದಳು. ಡಾಕ್ಟರು ನನ್ನ ಮುಖ ನೋಡಿದರು, ಕೈ ತೊಳೆಯಲು ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ದೀಪಾವಳಿಗೆ ಹಿಮ್ಮಡಿ ನೆಲ ಮುಟ್ಟಿತು. ತಲೆನೋವು ಹೋಯಿತು. ಸೊಂಟ ನೆಟ್ಟಗಾಗಲು ವರ್ಷ ಹಿಡಿಯಿತು. ತವರಿನ ಮಾತು ನಿಂತಿತು, ಯಾಕೆಂದರೆ ಕೊಡ ಮತ್ತೆ ತುಂಬತೊಡಗಿತ್ತು. ಅವಳಿಗೊಂದು ಜೋಡು ಹೊಲಿಸಿದೆ. ಹೊಲಿದವನಿಗೆ, ಬಾ, ನಿನಗೂ ಒದೆಯುತ್ತೇನೆ ಎಂದರೆ, "ಬ್ಯಾಡ ಬಿಡ್ರಿ. ನಂದು ಬಗ್ಗಿ ಕುಂತು ಹತ್ತಿದ ಬ್ಯಾನಿ, ಒದ್ರ ಹೋಗೂದಲ್ಲ" ಎಂದ.

ಮುಂದಿನ ಸುಗ್ಗಿಯಲ್ಲಿ ದೊಡ್ಡಪ್ಪನ ಸೊಂಟ ಹಿಡಿಯಿತು. ಮೊದಲು ಕಾಲು ತೋರಿಸು ಎಂದೆ. "ನನ್ನ ಕಾಲಿಗೇನಾಗೈತಿ? ಒದಿಯಲೇ ಸುಮ್ನ" ಎಂದು ಕಂಬ ಹಿಡಿದು ಬಗ್ಗಿದ. ಒದ್ದೆ. ಚಪ್ಪಲಿಯ ಅಪ್ಪಣೆ, ನಾಲ್ಕು ರವಿವಾರ, ಆ ಚಕ್ಕಡಿ, ಎಲ್ಲ ಸೇರಿಸಿ ಒಂದೇ ಒದೆ. ಅವನು ಭತ್ತದ ಚೀಲಗಳ ಮೇಲೆ ಹೋಗಿ ಬಿದ್ದ. ನನಗೆ ಆಗಲೇ ಪೊಲೀಸರು, ಕೋರ್ಟು, ನೌಕರಿ ಹೋದದ್ದು, ಎಲ್ಲ ಕಣ್ಣಿಗೆ ಕಟ್ಟಿತು. ಅವನು ಎದ್ದ. ಸೊಂಟವನ್ನು ಆಚೆ ಈಚೆ ತಿರುವಿದ.

"ಹಗುರಾತು ನೋಡು. ಇಷ್ಟು ದಿನಾ ಹಿಂಗ್ಯಾಕ ಒದ್ದಿಲ್ಲಲೇ ನೀ?"

ಮುಂದಿನ ರವಿವಾರ ಅಂಗಳದಲ್ಲಿ ಇಮ್ಮಡಿ ಜನ. ನಾನು ಹೊರಗೆ ಬರಲಿಲ್ಲ. ದೊಡ್ಡಪ್ಪನನ್ನು ಒದ್ದ ಕಾಲಿನ ಹೆಬ್ಬೆರಳು ಬದನೆಕಾಯಿಯಂತೆ ಬಾತಿತ್ತು. ಹೆಂಡತಿ ಚಪ್ಪಲಿ ಮೆಟ್ಟಿಕೊಂಡೇ ದೊಡ್ಡಪ್ಪ ಕುಳಿತ ಕಟ್ಟೆಯ ಮುಂದೆ ಟಪಟಪ ಹಾಯ್ದು ಬಂದು, ಹೊಸ್ತಿಲಲ್ಲಿ ಬಿಟ್ಟು, ನನ್ನೆದುರು ಕುಳಿತಳು.

"ಕಾಲು ಕೊಡ್ರಿ ಇಲ್ಲೆ."

"ಬೆನ್ನೂ ನೋಯಾಕತ್ತೈತಿ" ಎಂದೆ.

"ಬೆನ್ನ ಆಮ್ಯಾಲ" ಎಂದಳು.